ಆಂಬುಲೆನ್ಸ್‌ಗೆ ಹಸಿರು ದೀಪ: ದುಡ್ಡು ಯಾವ ಜೇಬಿನಿಂದ ಬರಬೇಕು?

ಬೆಂಗಳೂರಿನ ಬಡಾವಣೆ ಸಂಘದವರು, ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳ ವಾರ್ಡ್ ಸಮಿತಿಯವರು, ಸಣ್ಣ ಆಸ್ಪತ್ರೆ ನಡೆಸುವ ಟ್ರಸ್ಟಿನವರು, ಹೀಗೆ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂದಿದೆ. ಆಂಬುಲೆನ್ಸ್ ಅಥವಾ ಅಗ್ನಿಶಾಮಕ ವಾಹನ ಬರುವಾಗ ಸಿಗ್ನಲ್ ತಾನಾಗಿ ಹಸಿರಾಗುವ ವ್ಯವಸ್ಥೆ ನಮ್ಮ ಊರಿಗೂ ಬೇಕು, ಅದಕ್ಕೆ ದುಡ್ಡು ಕೇಳಲು ಯಾರ ಬಾಗಿಲಿಗೆ ಹೋಗುವುದು? ಪಾಲಿಕೆ, ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ), ಸಂಚಾರ ದಂಡದ ಹಣ, ಜಾಹೀರಾತು ಗುತ್ತಿಗೆ, ಬಾಗಿಲುಗಳೇನೋ ಬೇಕಾದಷ್ಟಿವೆ. ಒಂದೊಂದರ ಹಿಂದಿನ ಲೆಕ್ಕ ಬೇರೆ ಬೇರೆ.

ನಾನು ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. 108ರಲ್ಲಿ ಅವರ ಕೈ ಹಿಡಿದು ಕೂತಿದ್ದೆ. ಆಸ್ಪತ್ರೆಗೆ ಎರಡು ಸರ್ಕಲ್ ಇರುವಾಗ ಕೆಂಪು ದೀಪಕ್ಕೆ ಸಿಕ್ಕಿಕೊಂಡೆವು. ಸೈರನ್ ಕೂಗುತ್ತಲೇ ಇತ್ತು, ಮುಂದಿನ ಕಾರಿನವರು ಸ್ಟಾಪ್ ಲೈನ್ ದಾಟಲು ಅಂಜುತ್ತಿದ್ದರು. ಮೇಲೆ ಕ್ಯಾಮೆರಾ ಇತ್ತು, ಅವರ ಅಂಜಿಕೆ ಅರ್ಥವಾಗುವಂಥದ್ದೇ. ಆ ಕಂಬದ ಮೇಲೆ ತುರ್ತು ವಾಹನವನ್ನು ಗುರುತಿಸುವ ಪೆಟ್ಟಿಗೆಯೊಂದು ಇತ್ತು, ಕೆಳಗೆ ದಾನಿಯ ಹೆಸರಿನ ಫಲಕ. ದೀಪ ಮಾತ್ರ ಬದಲಾಗಲಿಲ್ಲ. ತಿಂಗಳುಗಳ ನಂತರ ಹೋಗಿ ವಿಚಾರಿಸಿದೆ: ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಗುತ್ತಿಗೆ, ಮುಗಿದು ಒಂದೂವರೆ ವರ್ಷವಾಗಿತ್ತು, ಪೆಟ್ಟಿಗೆಯೊಳಗಿನ ಸಿಮ್‌ಗೆ ರೀಚಾರ್ಜ್ ಸಹ ಆಗಿರಲಿಲ್ಲ. ಅಪ್ಪ ಉಳಿದುಕೊಂಡರು, ಬಲಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ಆ ಕೆಲವು ನಿಮಿಷಗಳಿಂದಲೇ ಹೀಗಾಯಿತು ಎಂದು ಹೇಳಲು ಬರುವುದಿಲ್ಲ. ಆದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ, ಅದರೊಳಗೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇದೆ.

ಹಾಗಾಗಿ ಈ ಬರಹದಲ್ಲಿ ನಾನು ಪ್ರತಿಯೊಂದು ಹಣದ ಮೂಲಕ್ಕೂ ಮೊದಲು ಕೇಳುವುದು ಒಂದೇ ಮಾತು: ನಾಲ್ಕನೇ ವರ್ಷದ ಬಿಲ್ ಯಾರು ಕಟ್ಟುತ್ತಾರೆ?

ಅಳೆಯುವುದು ಹೇಗೆ

ಮೇಲಿನ ಪ್ರಶ್ನೆಗೆ ನನ್ನ ತಕ್ಕಡಿಯಲ್ಲಿ ಅರ್ಧ ತೂಕ. ಉಳಿದ ಅರ್ಧದಲ್ಲಿ ನಾಲ್ಕು ಸಂಗತಿ. ಹಣ ಎಷ್ಟು ಬೇಗ ಕೈಸೇರುತ್ತದೆ. ಅದು ಒಂದು ಇಡೀ ದಾರಿಗೆ ಸಾಲುತ್ತದೆಯೋ, ಅಲ್ಲೊಂದು ಇಲ್ಲೊಂದು ಸರ್ಕಲ್‌ಗೆ ಮುಗಿಯುತ್ತದೆಯೋ. ಸರ್ಕಾರಿ 108ಕ್ಕೂ ದೊಡ್ಡ ಖಾಸಗಿ ಆಸ್ಪತ್ರೆಯ ವಾಹನಕ್ಕೂ ಒಂದೇ ಹಸಿರು ಸಿಗುತ್ತದೆಯೇ. ಕೊನೆಯದಾಗಿ, ವ್ಯವಸ್ಥೆಯ ಬೀಗದ ಕೈ ಯಾರ ಬಳಿ ಇರುತ್ತದೆ: ಊರಿನ ಬಳಿಯೋ, ಮಾರಿದ ಕಂಪನಿಯ ಬಳಿಯೋ.

ಮೊದಲು ಏನು ಕೊಳ್ಳುತ್ತಿದ್ದೀರಿ ಎಂದು ತಿಳಿಯಿರಿ

ಹಣದ ಮೂಲ ಹುಡುಕುವ ಮುಂಚೆ ಖರ್ಚಿನ ಸ್ವರೂಪ ಗೊತ್ತಿರಬೇಕು, ಇಲ್ಲದಿದ್ದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸ್ಥೂಲವಾಗಿ ಮೂರು ದಾರಿಗಳಿವೆ.

ಒಂದು, ಮನುಷ್ಯರ ಬಲದ ಮೇಲೆ ನಡೆಯುವ ಗ್ರೀನ್ ಕಾರಿಡಾರ್. ಕಂಟ್ರೋಲ್ ರೂಮ್, ವಾಕಿಟಾಕಿ, ಸರ್ಕಲ್‌ನಲ್ಲಿ ನಿಂತ ಪೊಲೀಸರು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಹೃದಯವೊಂದು ಚೆನ್ನೈಗೆ ಹೋದದ್ದು ಹೀಗೆ, ರಸ್ತೆಯಲ್ಲಿ ಪೊಲೀಸರ ಕಾವಲು, ನಡುವೆ ವಿಮಾನ. ಕಸಿಗೆ ತೆಗೆದ ಹೃದಯಕ್ಕೆ ಇರುವ ಸಮಯ ಸುಮಾರು ನಾಲ್ಕು ಗಂಟೆ. ಮುಂಚೆಯೇ ಗೊತ್ತಿರುವ ಇಂಥ ಪ್ರಯಾಣಕ್ಕೆ ಈ ಕ್ರಮ ಇಂದಿಗೂ ಒಳ್ಳೆಯದು, 2025ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಯಕೃತ್ತೊಂದನ್ನು ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಮೆಟ್ರೊದಲ್ಲೇ ಒಯ್ದರು. ಆದರೆ ಬೆಳಗಿನ ಜಾವ ಎದೆನೋವು ಬಂದವರಿಗೆ ಯಾರೂ ಮುಂಚೆ ಕಾರಿಡಾರ್ ಹಾಕಿಟ್ಟಿರುವುದಿಲ್ಲ.

ಎರಡು, ಸರ್ಕಲ್‌ನಲ್ಲೇ ಕೂರುವ ಪೆಟ್ಟಿಗೆ. ವಾಹನದ ಮೇಲಿನ ಅತಿಗೆಂಪು ದೀಪವನ್ನೋ, ರೇಡಿಯೊ ಸಂಕೇತವನ್ನೋ, ಸೈರನ್ ಸದ್ದನ್ನೋ ಗುರುತಿಸಿ ದೀಪ ಬದಲಿಸುವ ಯಂತ್ರಕ್ಕೆ, ಅಂದರೆ ಸಿಗ್ನಲ್ ಕಂಟ್ರೋಲರ್‌ಗೆ, ಹೇಳುತ್ತದೆ. ಅಮೆರಿಕದಲ್ಲಿ ಇದಕ್ಕೆ ಅರ್ಧ ಶತಮಾನ ದಾಟಿದ ಇತಿಹಾಸವಿದೆ. ಮೂರು, ಜಿಪಿಎಸ್ ಇರುವ ಆಂಬುಲೆನ್ಸ್ ಎಲ್ಲಿದೆ ಎಂದು ಕೇಂದ್ರದ ಕಂಪ್ಯೂಟರ್ ನೋಡುತ್ತಾ ದಾರಿಯ ಸಿಗ್ನಲ್‌ಗಳನ್ನು ಒಂದೊಂದಾಗಿ ತೆರೆಯುವುದು. ಇದಕ್ಕೆ ಸಿಗ್ನಲ್‌ಗಳು ಕೇಂದ್ರಕ್ಕೆ ಜೋಡಿಸಿಕೊಂಡಿರಬೇಕು. ಬೆಂಗಳೂರಿನ 165 ಜಂಕ್ಷನ್‌ಗಳಿಗೆ ಯೋಜಿಸಿದ ಅಡಾಪ್ಟಿವ್ (ವಾಹನ ದಟ್ಟಣೆ ನೋಡಿ ಸಮಯ ಹೊಂದಿಸಿಕೊಳ್ಳುವ) ಸಿಗ್ನಲ್ ವ್ಯವಸ್ಥೆ ಆ ಜಾತಿಯದು. ಅದರ ತಂತ್ರಾಂಶ ಕೇಂದ್ರ ಸರ್ಕಾರದ್ದೇ ಆದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ 'ಕೋಸಿಕಾಸ್ಟ್'.

ನಮ್ಮ ರಸ್ತೆಗಳಿಗೆ ಯಾವುದು ಸರಿ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಮೂರು ಲೇನ್‌ನಲ್ಲಿ ಹತ್ತತ್ತು ಕಾರು ನಿಂತಿವೆ ಎನ್ನಿ. ಹಸಿರು ಬಿದ್ದ ಮೇಲೆ ಒಂದು ಲೇನ್‌ನಲ್ಲಿ ಒಂದು ಕಾರು ಹೊರಡಲು ಸುಮಾರು ಎರಡು ಸೆಕೆಂಡು, ಮೊದಲನೆಯವರು ಗೇರ್ ಹಾಕಿ ಹೊರಡುವಷ್ಟರಲ್ಲಿ ಇನ್ನೆರಡು. ಅಡ್ಡ ರಸ್ತೆಗೆ ಹಳದಿ ಬಿದ್ದು ಸರ್ಕಲ್ ಖಾಲಿಯಾಗುವ ಸಮಯವನ್ನೂ ಸೇರಿಸಿದರೆ ಸುಮಾರು 30 ಸೆಕೆಂಡು. ಗಂಟೆಗೆ 30 ಕಿ.ಮೀ. ವೇಗದ ಆಂಬುಲೆನ್ಸ್ ಅಷ್ಟರಲ್ಲಿ 250 ಮೀಟರ್ ಬಂದಿರುತ್ತದೆ. ಅಂದರೆ ಅದು ಕಾಲು ಕಿಲೋಮೀಟರ್ ದೂರ ಇರುವಾಗಲೇ ಸಿಗ್ನಲ್‌ಗೆ ಸುಳಿವು ಸಿಕ್ಕಿರಬೇಕು. ಎದುರು ಬಸ್ಸು ಅಡ್ಡವಿದ್ದರೆ ಅತಿಗೆಂಪು ಬೆಳಕು ಅಲ್ಲಿಯವರೆಗೆ ತಲುಪದು, ಹಾರ್ನ್‌ಗಳ ನಡುವೆ ಸೈರನ್ ಗುರುತಿಸುವುದೂ ಕಷ್ಟ. ದಟ್ಟಣೆಯ ಊರಿಗೆ ಮೂರನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಐದಾರು ಸಿಗ್ನಲ್‌ಗಳ ಸಣ್ಣ ಊರಿಗೆ ಎರಡನೆಯದು ಸಾಕಾಗಬಹುದು.

ಪಾದಚಾರಿಗಳನ್ನು ಮರೆಯಬೇಡಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 15 ಮೀಟರ್ ರಸ್ತೆ ದಾಟಲು ಹನ್ನೆರಡೂವರೆ ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಅವರು ನಡುರಸ್ತೆಯಲ್ಲಿರುವಾಗ ದೀಪ ಬದಲಿಸುವ ವ್ಯವಸ್ಥೆಗೆ ಯಾರ ದುಡ್ಡೂ ಬೇಡ.

ಖರ್ಚಿನ ಸ್ವರೂಪ ಈಗ ಗಮನಿಸಿ. ಕಂಟ್ರೋಲರ್, ಕೇಬಲ್, ಕಂಬ, ವಾಹನದ ಸಾಧನ ಇವೆಲ್ಲ ಒಮ್ಮೆ ಆಗುವ ಖರ್ಚು. ಸಿಮ್, ಸರ್ವರ್, ತಂತ್ರಾಂಶದ ಲೈಸೆನ್ಸ್, ಯುಪಿಎಸ್ ಬ್ಯಾಟರಿ, ರಸ್ತೆ ಅಗೆದಾಗ ತುಂಡಾದ ಕೇಬಲ್‌ನ ರಿಪೇರಿ, ಕಂಟ್ರೋಲ್ ರೂಮಿನಲ್ಲಿ ಕೂರುವವರ ಸಂಬಳ ಇವು ಎಂದೂ ನಿಲ್ಲದ ಖರ್ಚು. ಮೊದಲನೆಯದಕ್ಕೆ ದುಡ್ಡು ಕೊಡುವವರು ಬಹಳ, ಎರಡನೆಯದಕ್ಕೆ ಬೆರಳೆಣಿಕೆ.

ಪಾಲಿಕೆಯ ಸ್ವಂತ ಬಜೆಟ್

ನಾಲ್ಕನೇ ವರ್ಷದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬಲ್ಲ ಮೂಲ ಇದೊಂದೇ. ಆಸ್ತಿ ತೆರಿಗೆ ಪ್ರತಿ ವರ್ಷ ಬರುತ್ತದೆ, ಬೀದಿದೀಪದ ನಿರ್ವಹಣೆಗೆ ಇರುವಂತೆ ಸಿಗ್ನಲ್ ಆದ್ಯತೆಗೂ ಒಂದು ಲೆಕ್ಕಶೀರ್ಷಿಕೆ ತೆರೆದರೆ ಮುಂದಿನ ವರ್ಷ ಆಯುಕ್ತರು ಬದಲಾದರೂ ಆ ಸಾಲು ಬಜೆಟ್ ಪುಸ್ತಕದಲ್ಲಿ ಉಳಿಯುತ್ತದೆ. ಎಲ್ಲ ಆಂಬುಲೆನ್ಸ್‌ಗೂ ಸಮಾನ ಸೇವೆ ಕೊಡಿ ಎಂದು ನಾಗರಿಕರು ಹಕ್ಕಿನಿಂದ ಕೇಳಬಹುದು. ಮಾಹಿತಿ ಹಕ್ಕಿನಲ್ಲಿ ಲೆಕ್ಕವೂ ಸಿಗುತ್ತದೆ.

ತೊಂದರೆ ಎರಡು. ನಿಧಾನ: ಬಜೆಟ್ ಸಿದ್ಧವಾಗುವುದು ಜನವರಿಯಿಂದ ಮಾರ್ಚ್ ನಡುವೆ, ಆ ಕಾಲ ತಪ್ಪಿದರೆ ಒಂದು ವರ್ಷ ಹೋದಂತೆ. ಇನ್ನೊಂದು, ಸಿಗ್ನಲ್ ಯಾರದು ಎಂಬ ಗೊಂದಲ. ಬೆಂಗಳೂರಿನಲ್ಲಿ ಸಿಗ್ನಲ್‌ಗಳ ಉಸ್ತುವಾರಿ ಸಂಚಾರ ಪೊಲೀಸರದು, ರಸ್ತೆ ಪಾಲಿಕೆಯದು, ಆಂಬುಲೆನ್ಸ್ ಆರೋಗ್ಯ ಇಲಾಖೆಯದು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾಗಿವೆ. ನಿಮ್ಹಾನ್ಸ್‌ಗೋ ಜಯದೇವಕ್ಕೋ ಹೊರಟ ಆಂಬುಲೆನ್ಸ್ ಎರಡು ಪಾಲಿಕೆಗಳ ಗಡಿ ದಾಟಬಹುದು. ಒಂದು ಪಾಲಿಕೆ ದುಡ್ಡಿಟ್ಟು ಪಕ್ಕದ್ದು ಇಡದಿದ್ದರೆ ಹಸಿರು ಅರ್ಧ ದಾರಿಗೇ ನಿಂತುಬಿಡುತ್ತದೆ. ಆದ್ದರಿಂದ ಬೆಂಗಳೂರಿನವರು ತಮ್ಮ ಪಾಲಿಕೆಗೆ ಬರೆಯುವ ಪತ್ರದ ಒಂದು ಪ್ರತಿಯನ್ನು ಪ್ರಾಧಿಕಾರಕ್ಕೂ ಕಳಿಸಬೇಕು.

ದಂಡದ ಹಣ

ಸಂಚಾರ ದಂಡದಿಂದಲೇ ಸಿಗ್ನಲ್ ಸುಧಾರಿಸಿ ಎಂಬ ವಾದಕ್ಕೆ ನೈತಿಕ ಬಲವಿದೆ. ರಸ್ತೆಯಲ್ಲಿ ತಪ್ಪು ಮಾಡಿದವರ ಹಣ ರಸ್ತೆಯಲ್ಲಿ ಸಾಯುತ್ತಿರುವವರಿಗೆ ಆಗಲಿ. ಮೊತ್ತವೂ ಸಣ್ಣದಲ್ಲ: 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಬಂದಿತ್ತು. ದಂಡ ಹೋಗುವುದು ಸರ್ಕಾರದ ಖಜಾನೆಗೆ. ಅಲ್ಲಿಂದ ನಿಮ್ಮ ಸರ್ಕಲ್‌ಗೆ ವಾಪಸು ಬರಬೇಕಾದರೆ ರಾಜ್ಯದ ಆದೇಶ ಬೇಕು. ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕಾಗಿ 2017ರಲ್ಲಿ ಕಾನೂನಾಗಿದೆ, ಆ ಕೆಲಸಕ್ಕೆಂದೇ ನಿಧಿಯೂ ಇದೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಬೆಂಗಳೂರಿನ ಹೊರಗಿನವರಿಗೆ ನಾನು ಮೊದಲು ತೋರಿಸುವ ಬಾಗಿಲು ಅದು. ಅಲ್ಲಿ ಪೊಲೀಸರು, ಆರ್‌ಟಿಒ, ಪಾಲಿಕೆ, ಲೋಕೋಪಯೋಗಿ, ಆರೋಗ್ಯ ಇಲಾಖೆಯವರನ್ನು ಒಂದೇ ಮೇಜಿಗೆ ತರಬಹುದು, ಬೇರೆ ಎಲ್ಲಿಯೂ ಅದು ಅಷ್ಟು ಸುಲಭವಲ್ಲ.

ಆದರೂ ಸಂಬಳ, ಲೈಸೆನ್ಸ್‌ನಂಥ ತಿಂಗಳ ಖರ್ಚನ್ನು ಇದರ ಮೇಲೆ ಹೊರಿಸಬೇಡಿ. ಜನ ನಿಯಮ ಪಾಲಿಸತೊಡಗಿದರೆ ದಂಡ ಇಳಿಯಬೇಕು, ಇಳಿಯುವುದೇ ನಮ್ಮ ಆಸೆ. ಊರು ಸುಧಾರಿಸಿದಷ್ಟೂ ಬತ್ತುವ ಮೂಲದಿಂದ ಸರ್ವರ್ ಬಾಡಿಗೆ ಕಟ್ಟುವುದು ತರವಲ್ಲ.

ಸಿಎಸ್‌ಆರ್

ಬೇಗ ಸಿಗುವುದು ಇದೇ. ಓದುಗರಲ್ಲಿ ಹೆಚ್ಚಿನವರು ಇದರ ಕಡೆಗೇ ವಾಲುತ್ತಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆರೋಗ್ಯ ಆ ಪಟ್ಟಿಯಲ್ಲಿದೆ.

ಎಚ್ಚರ ಬೇಕಾದ ಕಡೆಗಳೂ ಇವೆ. ಹಲವು ವರ್ಷಗಳ ಯೋಜನೆ ಎಂದರೆ ಆರಂಭದ ಆರ್ಥಿಕ ವರ್ಷ ಬಿಟ್ಟು ಮೂರು ವರ್ಷ, ಅಷ್ಟೇ. ಅಲ್ಲಿಗೆ ನಮ್ಮ ನಾಲ್ಕನೇ ವರ್ಷ ಹೇಗೋ ದಾಟೀತು, ಐದನೆಯದು ಇಲ್ಲ. ಹಾಗಾದರೆ ಹತ್ತು ವರ್ಷದ ನಿರ್ವಹಣೆಗೆ ಒಟ್ಟಿಗೇ ಠೇವಣಿ ಇಟ್ಟುಬಿಡಿ ಎಂದು ಕೇಳೋಣವೆಂದರೆ, ಸಂಸ್ಥೆಯ ಮೂಲನಿಧಿಗೆ ಕೊಟ್ಟದ್ದು 2021ರ ಜನವರಿಯ ತಿದ್ದುಪಡಿಯ ನಂತರ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಸಿಎಸ್‌ಆರ್‌ನಿಂದಾದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಾರ್ವಜನಿಕ ಪ್ರಾಧಿಕಾರದ ಹೆಸರಿಗೆ ಬರಬಹುದು. ಇದು ನಮಗೆ ಅನುಕೂಲ. ಮೊದಲ ದಿನವೇ ಹಸ್ತಾಂತರ ಪತ್ರ ಬರೆಸಿಕೊಳ್ಳಿ. ತನ್ನ ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಎಂದೂ ನಿಯಮ ಹೇಳುತ್ತದೆ. ಹಾಗಾಗಿ "ದುಡ್ಡು ಕೊಡುತ್ತೇವೆ, ಕಂಬಕ್ಕೆ ನಮ್ಮ ಜಾಹೀರಾತು" ಎಂಬ ಮಾತು ಬಂದರೆ ಅದನ್ನು ಬೇರೆ ಗುತ್ತಿಗೆ ಎಂದೇ ನೋಡಬೇಕು.

ನನಗೆ ಹೆಚ್ಚು ಭಯವಿರುವುದು ಸಾಧನ ತಯಾರಿಸುವವರೇ "ಉಚಿತವಾಗಿ" ಹಾಕಿಕೊಡುವ ಕೊಡುಗೆಯ ಬಗ್ಗೆ. ಹತ್ತು ಸರ್ಕಲ್‌ಗೆ ಉಚಿತ ಪೆಟ್ಟಿಗೆ ಬಂದರೆ, ಮುಂದಿನ ನಲವತ್ತಕ್ಕೆ ಅವರದೇ ಕೊಳ್ಳಬೇಕಾಗುತ್ತದೆ, ಏಕೆಂದರೆ ಬೇರೆಯವರ ಕಂಟ್ರೋಲರ್ ಜೊತೆ ಅದು ಮಾತಾಡುವುದಿಲ್ಲ. ಬೇರೆ ತಯಾರಕರ ಸಾಧನದೊಂದಿಗೂ ಕೆಲಸ ಮಾಡಬೇಕು, ದತ್ತಾಂಶ ಊರಿನ ಸ್ವತ್ತು ಎಂಬ ಎರಡು ಷರತ್ತು ಲಿಖಿತವಾಗಿ ಇಲ್ಲದಿದ್ದರೆ ಅಂಥ ದಾನವನ್ನು ನಯವಾಗಿ ಬೇಡವೆನ್ನಿ.

ದೊಡ್ಡ ಯೋಜನೆಗಳ ಹಣ

2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಮಿಷನ್‌ನಲ್ಲಿ ನಮ್ಮ ಏಳು ನಗರಗಳಿದ್ದವು: ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು. ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು, ಅಲ್ಲಿ ಹೊಸ ಹಣ ಕೇಳುವಂತಿಲ್ಲ. ಆದರೆ ಆ ಹಣದಲ್ಲಿ ಕಟ್ಟಿದ ಕಮಾಂಡ್ ಕಂಟ್ರೋಲ್ ಸೆಂಟರ್‌ಗಳು ಈ ಊರುಗಳಲ್ಲಿವೆ. ಪರದೆ, ಸರ್ವರ್, ಕ್ಯಾಮೆರಾ ಈಗಾಗಲೇ ಇದ್ದರೆ ನಿಮಗೆ ಬೇಕಿರುವ ಹೊಸ ಹಣ ತುಂಬಾ ಕಡಿಮೆಯಾಗುತ್ತದೆ. ಅರ್ಜಿ ಬರೆಯುವ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ, ಎಷ್ಟು ಸಿಗ್ನಲ್ ಕೇಂದ್ರಕ್ಕೆ ಜೋಡಿಸಿಕೊಂಡಿವೆ, ಅವುಗಳಲ್ಲಿ ಇವತ್ತು ಎಷ್ಟು ಕೆಲಸ ಮಾಡುತ್ತಿವೆ ಎಂದು ಕಣ್ಣಾರೆ ನೋಡಿ ಬನ್ನಿ.

ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲೂ ಇವೆ. ಸಿಗ್ನಲ್‌ನಲ್ಲಿ ವಾಹನ ನಿಂತು ಹೊಗೆಯುಗುಳುವುದು ತಗ್ಗುತ್ತದೆ ಎಂಬ ಕಾರಣಕ್ಕೆ ಸಿಗ್ನಲ್ ಸುಧಾರಣೆಯನ್ನು ಅಲ್ಲಿ ಕೇಳಿನೋಡಬಹುದು, ಆಂಬುಲೆನ್ಸ್ ಆದ್ಯತೆ ಅದರ ಬೆನ್ನೇರಿ ಬರಲಿ. ವಿದೇಶಿ ನೆರವಿಗೆ ಉದಾಹರಣೆ ಬೆಂಗಳೂರಿನ ಹೃದಯಭಾಗಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಕೊಟ್ಟ ಅನುದಾನದ ಸಿಗ್ನಲ್‌ಗಳು. ತಂತ್ರಜ್ಞಾನ ಒಳ್ಳೆಯದು, ಆದರೆ ಒಪ್ಪಂದದಿಂದ ಚಾಲನೆಯವರೆಗೆ ವರ್ಷಗಳೇ ಹಿಡಿದವು, ಬಿಡಿಭಾಗಕ್ಕೂ ದೂರ ನೋಡಬೇಕು. ಒಂದು ಸಂಘ ಅಥವಾ ವಾರ್ಡ್ ಸಮಿತಿ ಹಿಡಿಯಬಹುದಾದ ದಾರಿ ಇದಲ್ಲ.

ಉಳಿದವು

ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರದು 2 ಕೋಟಿ. ಎರಡೂ ಶಾಶ್ವತ ಆಸ್ತಿಗೆ ಇರುವಂಥವು, ತಿಂಗಳ ನಿರ್ವಹಣೆಗಲ್ಲ. ಕೋವಿಡ್ ಬಂದಾಗ 2020ರ ಏಪ್ರಿಲ್‌ನಿಂದ 2021ರ ನವೆಂಬರ್‌ವರೆಗೆ ಸಂಸದರ ನಿಧಿಯೇ ನಿಂತಿತ್ತು ಎಂಬುದನ್ನು ನೆನಪಿಡಿ. ಹತ್ತು ಸಿಗ್ನಲ್‌ಗಳ ದಾರಿಯಲ್ಲಿ ಎಂಟಕ್ಕೆ ದುಡ್ಡು ಸಿಕ್ಕು ಎರಡು ಉಳಿದಾಗ ಆ ಕೊರತೆ ತುಂಬಲು ಇದು ಸರಿಯಾದ ಹಣ.

ಜಾಹೀರಾತು ಗುತ್ತಿಗೆಯಲ್ಲಿ ಸಿಗ್ನಲ್ ಕಂಬದ ಮೇಲೆ ಫಲಕ ಹಾಕುವ ಹಕ್ಕು ಕೊಟ್ಟು ನಿರ್ವಹಣೆ ಮಾಡಿಸಿಕೊಳ್ಳುವುದು. ಹಣ ಪ್ರತಿ ತಿಂಗಳು ಹರಿಯುತ್ತದೆ, ಅದು ಇದರ ದೊಡ್ಡ ಗುಣ. ಆದರೆ ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ನಂತರ ಪಾಲಿಕೆ ಹೋರ್ಡಿಂಗ್‌ಗಳನ್ನೇ ನಿಷೇಧಿಸಿತು. ಇಂಥ ತಿರುವಿನಲ್ಲಿ ಆದಾಯ ನಿಂತರೆ ಸೇವೆಯೂ ನಿಲ್ಲುತ್ತದೆ. ಅದೂ ಅಲ್ಲದೆ ಸವಾರರ ಕಣ್ಣು ದೀಪದ ಮೇಲಿರಬೇಕಾದ ಜಾಗದಲ್ಲಿ ಹೊಳೆಯುವ ಫಲಕ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಆಸ್ಪತ್ರೆಗಳೇ ವಾಹನಕ್ಕಿಷ್ಟು ಎಂದು ಚಂದಾ ಕಟ್ಟಲಿ ಎಂಬ ಸಲಹೆಯೂ ಬಂದಿದೆ. ಇದನ್ನು ನಾನು ಖಡಾಖಂಡಿತ ವಿರೋಧಿಸುತ್ತೇನೆ. 2008ರ ನವೆಂಬರ್ 1ರಂದು 108 ಸೇವೆ ಆರಂಭವಾದಾಗ ಅದರ ಅರ್ಥವೇ ದುಡ್ಡಿಲ್ಲದವರಿಗೂ ಆಂಬುಲೆನ್ಸ್ ಎಂಬುದಾಗಿತ್ತು. ಹಸಿರು ದೀಪ ಚಂದಾದಾರರಿಗೆ ಮಾತ್ರ ಎಂದಾದರೆ ಒಂದೇ ಸರ್ಕಲ್‌ನಲ್ಲಿ ಎರಡು ಜೀವಗಳಿಗೆ ಎರಡು ಬೆಲೆ ಕಟ್ಟಿದಂತೆ. ಖಾಸಗಿಯವರು ವಾಹನದೊಳಗಿನ ಜಿಪಿಎಸ್ ಸಾಧನಕ್ಕೆ ಖರ್ಚು ಮಾಡಲಿ, ರಸ್ತೆಯ ಆದ್ಯತೆ ಮಾರಾಟಕ್ಕಿರಬಾರದು.

ನಿಮ್ಮದು ಯಾವ ಪರಿಸ್ಥಿತಿ

ಬೆಂಗಳೂರಿನ ಬಡಾವಣೆ ಸಂಘದವರೇ, ನೀವು ಹೊಸ ಪೆಟ್ಟಿಗೆಗೆ ದುಡ್ಡು ಕೂಡಿಸಬೇಡಿ. ಅಡಾಪ್ಟಿವ್ ಸಿಗ್ನಲ್ ಇರುವ ಕಡೆ ಆಂಬುಲೆನ್ಸ್ ಆದ್ಯತೆಯನ್ನು ಚಾಲೂ ಮಾಡಿಸುವುದು, ಪಾಲಿಕೆ ಬಜೆಟ್‌ನಲ್ಲಿ ನಿರ್ವಹಣೆಯ ಸಾಲು ಬರೆಸುವುದು, ಇವೆರಡಕ್ಕೆ ಪಟ್ಟು ಹಿಡಿಯಿರಿ. ಇನ್ನೂ ಜೋಡಣೆಯಾಗದ ನಿಮ್ಮ ಸರ್ಕಲ್ ಇದ್ದರೆ ಅದರ ಕಂಟ್ರೋಲರ್‌ಗೆ ಶಾಸಕರ ನಿಧಿ ಕೇಳಬಹುದು.

ಸ್ಮಾರ್ಟ್ ಸಿಟಿ ಆಗಿದ್ದ ಊರಿನವರು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಿಂದ ಶುರು ಮಾಡಿ. ಊರಿನ ಹೆಬ್ಬಾಗಿಲಿನಿಂದ ಜಿಲ್ಲಾ ಆಸ್ಪತ್ರೆಯವರೆಗಿನ ಒಂದೇ ಒಂದು ದಾರಿ ಆರಿಸಿಕೊಳ್ಳಿ. ಸಾಧನಗಳಿಗೆ ರಸ್ತೆ ಸುರಕ್ಷತಾ ನಿಧಿ ಅಥವಾ ಸಿಎಸ್‌ಆರ್, ಮೊದಲ ವರ್ಷದಿಂದಲೇ ಸಿಮ್ ಮತ್ತು ಎಎಂಸಿ ಪಾಲಿಕೆಯಿಂದ. ಮೊದಲ ಮೂರು ವರ್ಷ ಎಲ್ಲ ದಾನಿಯದು, ಆಮೇಲೆ ಪಾಲಿಕೆಯದು ಎಂಬ ಏರ್ಪಾಡಿಗೆ ಒಪ್ಪಬೇಡಿ. ಆ "ಆಮೇಲೆ" ಬರುವಾಗ ಕಡತ ಯಾರ ಮೇಜಿನ ಮೇಲಿದೆ ಎಂದೇ ತಿಳಿಯುವುದಿಲ್ಲ. ಸಣ್ಣ ಮೊತ್ತವಾದರೂ ಪಾಲಿಕೆ ಮೊದಲ ದಿನದಿಂದ ಕಟ್ಟುತ್ತಿದ್ದರೆ ಅದು ರೂಢಿಯಾಗುತ್ತದೆ.

ಕೈಯಲ್ಲಿ ಬಹಳ ಕಡಿಮೆ ದುಡ್ಡಿರುವ ಊರಾದರೆ ಯಂತ್ರ ಬೇಡ. 108, ಅಗ್ನಿಶಾಮಕ ಠಾಣೆ, ಸಂಚಾರ ಪೊಲೀಸರ ಕಂಟ್ರೋಲ್ ರೂಮ್ ನಡುವೆ ನೇರ ಸಂಪರ್ಕ, ನಾಲ್ಕು ಮುಖ್ಯ ಸರ್ಕಲ್‌ಗಳಲ್ಲಿ ಪೊಲೀಸರು ಕೈಯಿಂದ ಸಿಗ್ನಲ್ ಬದಲಿಸುವ ಸ್ವಿಚ್ ಸರಿಯಾಗಿರುವುದು, ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ.

ಆಸ್ಪತ್ರೆ ಟ್ರಸ್ಟಿನವರು ಒಂದು ಸರ್ಕಲ್‌ಗೆ ದಾನ ಕೊಡುವ ಬದಲು ಇಡೀ ದಾರಿಗೆ ಕೊಡುವ ನಾಲ್ಕೈದು ದಾನಿಗಳಲ್ಲಿ ಒಬ್ಬರಾಗಿ. ಪ್ರತಿ ಬಾರಿ ಹಸಿರು ಬಿದ್ದದ್ದು ಯಾವ ವಾಹನಕ್ಕೆ, ಎಷ್ಟು ಹೊತ್ತಿಗೆ, ಯಾವ ಕರೆಗೆ ಎಂಬ ದಾಖಲೆ ಉಳಿಯಬೇಕೆಂದು ಕರಾರಿನಲ್ಲಿ ಬರೆಸಿ. ಅಮೆರಿಕದಲ್ಲಿ ಸಿಗ್ನಲ್ ಬದಲಿಸುವ ಸಾಧನ ಅನಧಿಕೃತರ ಕೈ ಸೇರಿ, ಕೊನೆಗೆ 2005ರಲ್ಲಿ ಅದರ ದುರ್ಬಳಕೆಯನ್ನು ಅಪರಾಧವೆಂದು ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ರೋಗಿಯಿಲ್ಲದ ಆಂಬುಲೆನ್ಸ್‌ಗೋ ಗಣ್ಯರ ಕಾರಿಗೋ ಹಸಿರು ಬಿದ್ದರೆ ಆ ದಾಖಲೆಯಿಂದಲೇ ಸಿಕ್ಕಿಬೀಳಬೇಕು.

ದಾನಿಯ ಫಲಕ ಹಾಕುವುದಾದರೆ ಹಾಕಲಿ. ಅದರಲ್ಲಿ ಹೆಸರಿನ ಜೊತೆಗೆ ಎಎಂಸಿ ಮುಗಿಯುವ ತಾರೀಖು, ಕೆಟ್ಟರೆ ಕರೆ ಮಾಡಬೇಕಾದ ಪಾಲಿಕೆಯ ನಂಬರು ಎರಡೂ ಇರಲಿ, ಕೆಂಪು ದೀಪಕ್ಕೆ ನಿಂತವರಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.